ಹಸಿ ಆಹಾರದಲ್ಲಿ 14 ತಿಂಗಳು: ಈ ಆಟಿ ತಿಂಗಳ ಮಳೆ ದಾಟುವುದು ಹೇಗೆ?

ಅಂಬಲಪಾಡಿಯವಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ. ನನಗೆ 36 ವರ್ಷ, ಮನೆ ಉಡುಪಿ, ಹುಟ್ಟಿನಿಂದ ಸಸ್ಯಾಹಾರಿ. ಹೋದ ವರ್ಷ ಮೇ ತಿಂಗಳಲ್ಲಿ ಬೇಯಿಸಿದ ಊಟ ಬಿಟ್ಟೆ. ಆಗ ಮೂರು ತಿಂಗಳ ಸರಾಸರಿ ಶುಗರ್ 6.2 ಇತ್ತು, ತೂಕ 74 ಕೆಜಿ. ಈಗ ಶುಗರ್ 5.5, ತೂಕ 57. ಮೊದಲ ಆರು ತಿಂಗಳು ಬೆಳಿಗ್ಗೆ ಐದಕ್ಕೆ ತಾನಾಗಿ ಎಚ್ಚರ ಆಗುತ್ತಿತ್ತು, ಎದೆಯುರಿ ಮರೆತೇ ಹೋಗಿತ್ತು. ಹಾಗಾಗಿ ಇದೆಲ್ಲ ಹುಚ್ಚು ಅಂತ ಯಾರೂ ಹೇಳಬೇಡಿ, ಲಾಭ ಕಂಡೇ ಮುಂದುವರಿಸಿದ್ದು.

ಬೆಳಿಗ್ಗೆ ಬೊಂಡ (ಎಳನೀರು), ಪಪ್ಪಾಯಿ. ಮಧ್ಯಾಹ್ನ ಮುಳ್ಳುಸೌತೆ, ಕ್ಯಾರೆಟ್, ಮೊಳಕೆ ಬರಿಸಿದ ಹೆಸರು, ಮೇಲೆ ಒಂದು ಹಿಡಿ ತೆಂಗಿನತುರಿ. ರಾತ್ರಿ ಬಾಳೆಹಣ್ಣು, ನೆನೆಸಿದ ನೆಲಗಡಲೆ, ನಾಲ್ಕು ಖರ್ಜೂರ. ಹಾಲು ಮೊಸರು ಕೂಡ ಇಲ್ಲ.

ಕಷ್ಟ ಶುರುವಾದದ್ದು ಈ ಮಳೆಗೆ. ಹೊರಗೆ ಒಂದೇ ಸಮ ಸುರಿಯುತ್ತಿದೆ, ಹಾಕಿದ ಬಟ್ಟೆ ಒಣಗುವುದಿಲ್ಲ, ಕೈಯಲ್ಲಿ ತಣ್ಣಗಿನ ಸೌತೆ ಹೋಳು. ಅತ್ತೆ ಕುಚ್ಚಿಲಕ್ಕಿ ಗಂಜಿ ಇಳಿಸುವ ಹೊತ್ತಿಗೆ ಆ ಹಬೆಯ ಪರಿಮಳ ಬಂತೆಂದರೆ ಅಡುಗೆಮನೆ ಬಾಗಿಲಲ್ಲಿ ಸುಮ್ನೆ ನಿಂತುಬಿಡುತ್ತೇನೆ. ನನಗೆ ಹೊಟ್ಟೆ ತುಂಬುತ್ತದೆ, ಆದರೆ ಉಂಡ ಹಾಗೆ ಆಗುವುದಿಲ್ಲ. ಮೊನ್ನೆ ನೆಂಟರ ಮದುವೆಯಲ್ಲಿ ಪಂಕ್ತಿಯಲ್ಲಿ ಕೂತು ಎಲೆಯ ತುದಿಯ ಕೋಸಂಬರಿ, ಬಾಳೆಹಣ್ಣು ಮಾತ್ರ ತಿಂದೆ. ಅನ್ನ, ಸಾರು, ಮೆಣಸ್ಕಾಯಿ, ಪಾಯಸ ಅಂತ ಬಡಿಸುವವರು ಬಂದಾಗಲೆಲ್ಲ ಎಲೆಗೆ ಕೈ ಅಡ್ಡ ಹಿಡಿಯಬೇಕು. ಅತ್ತೆಯ ಮುಖ ನೋಡಲಿಕ್ಕೆ ಆಗಲಿಲ್ಲ.

ಇನ್ನೂ ಎರಡು ವಿಷಯ ಉಂಟು. ಎರಡು ತಿಂಗಳಿಂದ ಪಾದ ಜುಂ ಅನ್ನುತ್ತದೆ, ಇರುವೆ ಹರಿದ ಹಾಗೆ. ಮುಟ್ಟು ನಿಂತು ಮೂರು ತಿಂಗಳಾಯಿತು, ಗರ್ಭಿಣಿ ಅಲ್ಲ. ಹಿಮೋಗ್ಲೋಬಿನ್ ಚೆಕ್ ಮಾಡಿಸಿದೆ, 11.9, ತೀರಾ ಕಡಿಮೆ ಏನಲ್ಲ ಅಂದರು. ವರ್ಷಗಟ್ಟಲೆ ಹಸಿ ಆಹಾರದಲ್ಲೇ ಇರುವವರು ಇಲ್ಲಿ ಇದ್ದೀರಾ? ಹೇಗೆ ನಿಭಾಯಿಸುತ್ತೀರಿ?

ಕಾಪು ಕಡಲು

ವಿಟಮಿನ್ ಬಿ12 ಟೆಸ್ಟ್ ಮಾಡಿಸಿ. ನಾಳೆಯೇ. ಉಳಿದದ್ದು ಆಮೇಲೆ ಮಾತಾಡುವ.

ಬಲ್ಮಠ ಹಸಿರು

ನಾನು ಆರು ವರ್ಷದಿಂದ ಹಸಿ ಆಹಾರದಲ್ಲೇ ಇದ್ದೇನೆ. ಅಕ್ಕ, ನೀವು ಹೆದರಬೇಡಿ. ಮೊದಲ ಎರಡು ವರ್ಷ ಮೈಯೊಳಗಿನ ಕಲ್ಮಶ ಹೊರಗೆ ಹೋಗುತ್ತದೆ, ಆಗ ಇಂಥ ತೊಂದರೆ ಕಾಣುವುದು ಸಹಜ. ಬೇಯಿಸಿದರೆ ಆಹಾರದ ಕಿಣ್ವ ಸಾಯುತ್ತದೆ. ಹಸಿಯಾಗಿ ತಿಂದರೆ ಆ ಕಿಣ್ವವೇ ನಮ್ಮ ಜೀರ್ಣಕ್ಕೆ ಸಹಾಯ. ಪ್ರಾಣಿಗಳು ಬೇಯಿಸಿ ತಿನ್ನುತ್ತವಾ? ಕಾಲು ಜುಂ ಅನ್ನುವುದು ರಕ್ತ ಸಂಚಾರ ಜಾಸ್ತಿ ಆದದ್ದರ ಗುರುತು ಇರಬಹುದು. ದಿನಾ ಅರ್ಧ ಗಂಟೆ ಬರಿಗಾಲಲ್ಲಿ ನಡೆಯಿರಿ.

ಲ್ಯಾಬ್ ಕಿಟಕಿ

ಬಲ್ಮಠದವರೇ, ಕ್ಷಮಿಸಿ, ಇದನ್ನು ಹಾಗೇ ಬಿಡಲಿಕ್ಕೆ ಆಗುವುದಿಲ್ಲ. ನಾನು ಮಣಿಪಾಲದ ಕಡೆ ಲ್ಯಾಬಿನಲ್ಲಿ ಹನ್ನೊಂದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಕಾಲು ಜುಂ ಅನ್ನುವುದು ಕಲ್ಮಶ ಹೋಗುವ ಗುರುತಲ್ಲ, ನರಕ್ಕೆ ಪೆಟ್ಟು ಬೀಳುತ್ತಿರುವ ಗುರುತು ಆಗಿರಬಹುದು. ಬಿ12 ನರದ ಮೇಲಿನ ಹೊದಿಕೆಯನ್ನು ಕಾಪಾಡುತ್ತದೆ. ಅದು ಸೊಪ್ಪಿನಲ್ಲಿ, ಹಣ್ಣಿನಲ್ಲಿ, ಮೊಳಕೆಯಲ್ಲಿ ಇಲ್ಲ. ಅದನ್ನು ತಯಾರಿಸುವುದು ಬ್ಯಾಕ್ಟೀರಿಯಾ. ನಮಗೆ ಸಿಗುವುದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಿಂದ, ಇಲ್ಲವಾದರೆ ಮಾತ್ರೆಯಿಂದ. ಸ್ಪಿರುಲಿನಾ ಅನ್ನುವ ಪಾಚಿಪುಡಿಯಲ್ಲಿ ಉಂಟು ಅಂತ ಅಂಗಡಿಯವರು ಹೇಳುತ್ತಾರಲ್ಲ, ಅದರಲ್ಲಿರುವುದು ಹೆಚ್ಚಿನ ಪಾಲು ನಮ್ಮ ಮೈಗೆ ಉಪಯೋಗಕ್ಕೆ ಬಾರದ ರೂಪ.

ಲಿವರ್‌ನಲ್ಲಿ ಬಿ12 ದಾಸ್ತಾನು ಇರುತ್ತದೆ, ಎರಡು ಮೂರು ವರ್ಷಕ್ಕೂ ಸಾಕಾಗಬಹುದು. ಅದಕ್ಕೇ ಶುರುವಿನಲ್ಲಿ ಎಲ್ಲರೂ "ನನಗೆ ಎಂತದ್ದೂ ಆಗಲಿಲ್ಲ" ಅನ್ನುತ್ತಾರೆ. ಹುಟ್ಟು ಸಸ್ಯಾಹಾರಿಗಳ ದಾಸ್ತಾನು ಮೊದಲೇ ಕಡಿಮೆ ಇರುವುದುಂಟು, ಹಾಗಾಗಿ ಬೇಗ ಖಾಲಿ.

ಅಂಬಲಪಾಡಿ ಅಕ್ಕ, ಹಿಮೋಗ್ಲೋಬಿನ್ ಸರಿ ಉಂಟು ಅಂತ ಸಮಾಧಾನ ಪಡಬೇಡಿ. ಹಸಿ ಸೊಪ್ಪು ತಿನ್ನುವವರಿಗೆ ಫೋಲೇಟ್ ಅನ್ನುವ ಇನ್ನೊಂದು ವಿಟಮಿನ್ ಚೆನ್ನಾಗಿ ಸಿಗುತ್ತದೆ. ಅದು ರಕ್ತಹೀನತೆಯನ್ನು ಮುಚ್ಚಿಡುತ್ತದೆ, ನರದ ತೊಂದರೆ ಮಾತ್ರ ಒಳಗೊಳಗೇ ಮುಂದುವರಿಯುತ್ತದೆ. ತಡ ಮಾಡಿದರೆ ಆ ಜುಂ ಅನ್ನುವುದು ಪೂರ್ತಿ ಹೋಗದೆಯೂ ಉಳಿಯಬಹುದು.

ಬಲ್ಮಠ ಹಸಿರು

ಆರು ವರ್ಷದಿಂದ ನನಗೆ ಎಂತ ಆಗಿಲ್ಲ, ಅದಕ್ಕೆ ಉತ್ತರ?

ಲ್ಯಾಬ್ ಕಿಟಕಿ

ನೀವು ಹಾಲಿನದ್ದು ಏನೂ ತಗೊಳ್ಳುವುದಿಲ್ವಾ?

ಬಲ್ಮಠ ಹಸಿರು

ಮಧ್ಯಾಹ್ನ ಎರಡು ಲೋಟ ಮಜ್ಜಿಗೆ. ಅದು ಬೇಯಿಸಿದ್ದಲ್ಲವಲ್ಲ.

ಸುರತ್ಕಲ್ ಸಾವಿತ್ರಿ

ಮಾರಾಯ್ರೆ, ಹಾಲು ಕಾಯಿಸಿದ ಮೇಲೆ ಅಲ್ವಾ ಹೆಪ್ಪು ಹಾಕುವುದು!

ಲ್ಯಾಬ್ ಕಿಟಕಿ

ಇವರು ಇಷ್ಟು ವರ್ಷ ನಿಂತಿರುವುದು ಹೆಚ್ಚಾಗಿ ಆ ಎರಡು ಲೋಟದಿಂದಲೇ. ಅಂಬಲಪಾಡಿ ಅಕ್ಕ ಅದನ್ನೂ ಬಿಟ್ಟಿದ್ದಾರೆ. ಇಬ್ಬರ ಊಟ ಒಂದೇ ಅಲ್ಲ. ಇನ್ನು ಕಿಣ್ವದ ಮಾತು. ಕಿಣ್ವ ಅಂದರೆ ಪ್ರೋಟೀನ್. ಜಠರದ ಆಮ್ಲಕ್ಕೆ ಬಿದ್ದರೆ ಬೇರೆ ಪ್ರೋಟೀನ್ ಹಾಗೇ ಅದೂ ಹೆಚ್ಚುಕಡಿಮೆ ಕರಗುತ್ತದೆ. ನಮ್ಮ ಜೀರ್ಣಕ್ಕೆ ಬೇಕಾದ ಕಿಣ್ವವನ್ನು ನಮ್ಮ ಮೈಯೇ ಮಾಡುತ್ತದೆ.

ಓದುವ ಹುಳ

ಮುಟ್ಟಿನ ವಿಷಯಕ್ಕೆ ಬರುತ್ತೇನೆ, ಅದನ್ನು ಯಾರೂ ಮುಟ್ಟಲಿಲ್ಲ. ಜರ್ಮನಿಯ ಗೀಸೆನ್ ವಿಶ್ವವಿದ್ಯಾಲಯದವರು ತುಂಬಾ ಕಾಲದಿಂದ ಹಸಿ ಆಹಾರದಲ್ಲಿದ್ದ 500ಕ್ಕೂ ಜಾಸ್ತಿ ಜನರನ್ನು ವಿಚಾರಿಸಿ 1999ರಲ್ಲಿ ವರದಿ ಪ್ರಕಟಿಸಿದರು. 45ಕ್ಕಿಂತ ಕೆಳಗಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 30 ಮಂದಿಗೆ ಮುಟ್ಟು ಏರುಪೇರಾಗಿತ್ತು ಇಲ್ಲವೇ ಪೂರ್ತಿ ನಿಂತಿತ್ತು. ಊಟದಲ್ಲಿ ಹಸಿಯ ಪಾಲು ಹೆಚ್ಚಿದ್ದವರಲ್ಲೇ ಅದು ಜಾಸ್ತಿ. ಅಂಥವರ ರಕ್ತ ಪರೀಕ್ಷೆ ಮಾಡಿದ 2005ರ ವರದಿಯಲ್ಲಿ ನೂರಕ್ಕೆ 38 ಮಂದಿಗೆ ಬಿ12 ಕೊರತೆ. ಒಳ್ಳೆಯದನ್ನೂ ಹೇಳಬೇಕು, ಕೊಲೆಸ್ಟ್ರಾಲ್ ಕಡಿಮೆ ಇತ್ತು.

ಅಕ್ಕ, 14 ತಿಂಗಳಲ್ಲಿ 17 ಕೆಜಿ ಇಳಿದಿದ್ದೀರಿ. ಮೈಗೆ ಬೇಕಾದಷ್ಟು ಶಕ್ತಿ ಸಿಗುತ್ತಿಲ್ಲ ಅನ್ನಿಸಿದರೆ ದೇಹ ಮೊದಲು ನಿಲ್ಲಿಸುವ ಕೆಲಸಗಳಲ್ಲಿ ಇದೂ ಒಂದು. ಇದು ನಿಮ್ಮ ಮನಸ್ಸಿನ ಬಲದ ಪ್ರಶ್ನೆಯೇ ಅಲ್ಲ. ಹೆಂಗಸರ ಡಾಕ್ಟ್ರಿಗೂ ತೋರಿಸಿ.

ಹೆಬ್ರಿ ತೋಟ

ನಾನು ಊಟದ ಶಾಸ್ತ್ರ ಓದಿದವಳಲ್ಲ, ತರಕಾರಿ ಬೆಳೆಸುವವಳು. ಆಟಿಯಲ್ಲಿ ಹಸಿ ಸೊಪ್ಪು ತಿನ್ನುತ್ತೇನೆ ಅಂದರೆ ನನಗೆ ಮೈ ಜುಂ ಅನ್ನುತ್ತದೆ. ಈ ತಿಂಗಳಲ್ಲಿ ಒಂದೆಲಗದ ಎಲೆ ಮಗುಚಿ ನೋಡಿದರೆ ಅಡಿಯಲ್ಲಿ ಅಕ್ಕಿ ಕಾಳಿನಷ್ಟು ಬಸವನಹುಳ ಅಂಟಿಕೊಂಡಿರುತ್ತದೆ, ಎಲೆಯದ್ದೇ ಬಣ್ಣ, ಬೆರಳಿಗೆ ಲೋಳೆ ತಾಗಿದ ಮೇಲೇ ಗೊತ್ತಾಗುವುದು. ತೋಡಿನ ನೀರು ಗದ್ದೆಗೆ ನುಗ್ಗಿರುತ್ತದೆ, ಅದರಲ್ಲಿ ಎಂತೆಲ್ಲ ಬಂದಿರುತ್ತದೋ. ಲಾಡಿಹುಳದ ಮೊಟ್ಟೆ ಹಸಿ ತರಕಾರಿ ಮೇಲೆ ಕೂತು ಹೊಟ್ಟೆಗೆ ಹೋದರೆ ಮೆದುಳಿನವರೆಗೂ ಹೋಗಿ ಫಿಟ್ಸ್ ಬರುತ್ತದೆ ಅಂತ ನಮ್ಮ ಊರಿನ ಡಾಕ್ಟ್ರು ಹೇಳಿದ್ದು ನೆನಪುಂಟು. ಹಸಿ ತಿನ್ನುವುದಾದರೆ ಎಲೆ ಎಲೆ ಬಿಡಿಸಿ, ಹರಿಯುವ ನೀರಿನಲ್ಲಿ ತೊಳೆಯಿರಿ. ಮಳೆಗಾಲದಲ್ಲಿ ಸಿಪ್ಪೆ ತೆಗೆದು ತಿನ್ನುವಂಥದ್ದೇ ಜಾಸ್ತಿ ಇರಲಿ, ಮುಳ್ಳುಸೌತೆ, ಬಾಳೆಹಣ್ಣು, ಪಪ್ಪಾಯಿ.

ಮತ್ತೆ ಎಲ್ಲ ಗಿಡವೂ ಹಸಿಗೆ ಆಗುವುದಿಲ್ಲ. ಕೆಸುವಿನ ಎಲೆ ಹಸಿ ತಿಂದು ನೋಡಿ, ಗಂಟಲೆಲ್ಲ ಕೆರೆತ. ಅದರಲ್ಲಿ ಸೂಜಿಯಂಥ ಹರಳು ಇರುತ್ತದೆ. ಅದಕ್ಕೇ ಪತ್ರೊಡೆಗೆ ಹುಳಿ ಹಾಕಿ ಅಷ್ಟು ಹೊತ್ತು ಹಬೆಯಲ್ಲಿ ಇಡುವುದು. ಮರಗೆಣಸು ಹಸಿ ತಿಂದರೆ ವಿಷ. ನಮ್ಮ ಅಜ್ಜಿಯಂದಿರು ಯಾವುದನ್ನು ಬೇಯಿಸಬೇಕು, ಯಾವುದನ್ನು ಹಸಿ ಅರೆಯಬೇಕು ಅಂತ ಒಂದೊಂದನ್ನೂ ನೋಡಿ ಇಟ್ಟವರು.

ಕುಂದಾಪ್ರ ಬಸ್ಸು

ಮೊಳಕೆ ವಿಷಯ ಬಂತಲ್ಲ. ನಮ್ಮ ಚಿಕ್ಕಪ್ಪ ಯಾರದೋ ವಿಡಿಯೋ ನೋಡಿ ರಾಜ್ಮಾ ನೆನೆಸಿ, ಮೊಳಕೆ ಬರಿಸಿ, ಹಸಿಯಾಗಿ ಒಂದು ಬಟ್ಟಲು ತಿಂದರು. ಮೂರು ಗಂಟೆಯೊಳಗೆ ವಾಂತಿ ಶುರು, ಸಂಜೆಗೆ ಡ್ರಿಪ್ ಹಾಕಿದರು. ಹಸಿ ರಾಜ್ಮಾದಲ್ಲಿ ಲೆಕ್ಟಿನ್ ಅನ್ನುವ ವಿಷ ಇರುತ್ತದೆ, ನಾಲ್ಕೈದು ಕಾಳಿಗೇ ಸಾಕಂತೆ. ಚೆನ್ನಾಗಿ ಕುದಿಸಿದರೆ ಮಾತ್ರ ಹೋಗುವುದು. ಹೆಸರುಕಾಳಿನ ಹಾಗೆ ಎಲ್ಲ ಕಾಳು ಅಲ್ಲ, ದಯವಿಟ್ಟು ನೆನಪಿಡಿ.

ಓದುವ ಹುಳ

ಮೊಳಕೆಯಲ್ಲಿ ಇನ್ನೊಂದು ಅಪಾಯವೂ ಉಂಟು. ಬೆಚ್ಚಗೆ, ಒದ್ದೆಯಾಗಿ ಇಡುತ್ತೇವಲ್ಲ, ಬ್ಯಾಕ್ಟೀರಿಯಾಕ್ಕೂ ಅದೇ ಬೇಕು. 2011ರಲ್ಲಿ ಜರ್ಮನಿಯಲ್ಲಿ ಮೆಂತೆ ಮೊಳಕೆಯಿಂದ ಇ ಕೋಲಿ ಹರಡಿ ಸುಮಾರು 4000 ಜನ ಹಾಸಿಗೆ ಹಿಡಿದರು, 50ಕ್ಕಿಂತ ಜಾಸ್ತಿ ಜನ ತೀರಿಕೊಂಡರು.

ಕದ್ರಿ ಕಂಬಳ

ಸೋರೆಕಾಯಿ ಜ್ಯೂಸ್ ಕುಡಿಯುವವರೂ ಕೇಳಿ. ಕಹಿ ಬಂದರೆ ತಕ್ಷಣ ಉಗುಳಿ. 2010ರಲ್ಲಿ ದೆಹಲಿಯಲ್ಲಿ ಒಬ್ಬ ವಿಜ್ಞಾನಿ ಕಹಿ ಜ್ಯೂಸ್ ಕುಡಿದೇ ತೀರಿಕೊಂಡದ್ದು. ಆಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮಿತಿಯೂ ಕಹಿ ಇದ್ದರೆ ಕುಡಿಯಲೇಬಾರದು ಅಂತ ಹೇಳಿತು. ಪಾರ್ಕಿನಲ್ಲಿ ವಾಕಿಂಗ್ ಮುಗಿಸಿ ಬಂದವರು ಕಣ್ಣು ಮುಚ್ಚಿ ಗಟಗಟ ಕುಡಿಯುವುದನ್ನು ದಿನಾ ನೋಡುತ್ತೇನೆ, ಹೆದರಿಕೆ ಆಗುತ್ತದೆ.

ಮಲ್ಪೆ ದಕ್ಕೆ

ಅಕ್ಕ, ನಾಲ್ಕು ಬೂತಾಯಿ ಮೀನು ತಿಂದರೆ ಬಿ12 ತಾನಾಗಿ ಏರುತ್ತದೆ. ಇಷ್ಟೆಲ್ಲ ಚರ್ಚೆ ಯಾಕೆ?

ಸುರತ್ಕಲ್ ಸಾವಿತ್ರಿ

ಅವರು ಸಸ್ಯಾಹಾರಿ ಅಂತ ಮೊದಲ ಸಾಲಲ್ಲೇ ಬರೆದಿದ್ದಾರೆ ಅಣ್ಣ.

ಮಲ್ಪೆ ದಕ್ಕೆ

ಓ, ನೋಡಲಿಲ್ಲ, ಕ್ಷಮಿಸಿ ಅಕ್ಕ. ಬೂತಾಯಿಯಲ್ಲಿ ಬಿ12 ತುಂಬಾ ಉಂಟು ಅನ್ನುವುದು ಮಾತ್ರ ಸತ್ಯ, ಮೀನು ತಿನ್ನುವ ಬೇರೆಯವರಿಗೆ ಉಪಯೋಗ ಆದೀತು. ನಿಮಗೆ ಹಾಲು ಮೊಸರು ಮತ್ತೆ ಶುರು ಮಾಡುವುದು ಒಳ್ಳೆಯದು.

ಹಳೆ ಬಂದರು

ಅವಲಕ್ಕಿ ಹಸಿಯಾ, ಬೇಯಿಸಿದ್ದಾ? ನಮ್ಮ ಮನೆಯಲ್ಲಿ ಈ ಚರ್ಚೆ ಇನ್ನೂ ಮುಗಿದಿಲ್ಲ. ಅಪ್ಪ ಹಸಿ ಆಹಾರ ಅಂತ ದಿನಾ ಎರಡು ಸಲ ಅವಲಕ್ಕಿ ಬೆಲ್ಲ ತಿನ್ನುತ್ತಾರೆ.

ಹೆಬ್ರಿ ತೋಟ

ಹಸಿ ಅಲ್ಲ. ಭತ್ತವನ್ನು ಬಿಸಿನೀರಿನಲ್ಲಿ ನೆನೆಸಿ, ಹುರಿದು, ಬಿಸಿ ಇರುವಾಗಲೇ ಕುಟ್ಟುವುದು. ಬೆಲ್ಲ ಅಂತೂ ಗಂಟೆಗಟ್ಟಲೆ ಕುದಿಸಿದ್ದು. ಶುಗರ್ ಇದ್ದರೆ ಅಪ್ಪನಿಗೆ ಬೆಲ್ಲ ಕಡಿಮೆ ಮಾಡಿಸಿ.

ಗೇರುಬೀಜ

ಇನ್ನೊಂದು ಸೇರಿಸುತ್ತೇನೆ. ನಾನು ಗೇರುಬೀಜ ಫ್ಯಾಕ್ಟರಿಯಲ್ಲಿ ಲೆಕ್ಕ ಬರೆಯುವವನು. ಅಂಗಡಿಯಲ್ಲಿ ಹಸಿ ಗೋಡಂಬಿ ಅಂತ ಮಾರುವುದು ಹಸಿಯದ್ದಲ್ಲ. ಬೀಜದ ಸಿಪ್ಪೆಯ ಎಣ್ಣೆ ತಾಗಿದರೆ ಚರ್ಮ ಸುಟ್ಟುಹೋಗುತ್ತದೆ, ಹಾಗಾಗಿ ಮೊದಲು ಹಬೆಯಲ್ಲಿ ಬೇಯಿಸಿ ಅಥವಾ ಹುರಿದು ಆಮೇಲೇ ಸಿಪ್ಪೆ ಒಡೆಯುವುದು. ಕೆಲಸದ ಹೆಂಗಸರು ಕೈಗೆ ಎಣ್ಣೆ, ಬೂದಿ ಹಚ್ಚಿಕೊಂಡು ಕೂರುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ನೂರಕ್ಕೆ ನೂರು ಹಸಿ ಅಂತ ಹಠ ಹಿಡಿಯುವವರು ಎಷ್ಟು ಸಲ ಬೇಯಿಸಿದ್ದನ್ನು ತಿಂದಿರುತ್ತಾರೆ ಅಂತ ಅವರಿಗೇ ತಿಳಿದಿರುವುದಿಲ್ಲ. ನೂರಕ್ಕೆ ನೂರು ಅನ್ನುವ ಆ ಲೆಕ್ಕ ಬಿಟ್ಟರೆ ಮನಸ್ಸಿಗೂ ಹಗುರ.

ರಥಬೀದಿ

ನಮ್ಮಲ್ಲಿ ಊಟ ಬಿಡುವುದು ಹೊಸತೇನಲ್ಲ. ಚಾತುರ್ಮಾಸ್ಯದಲ್ಲಿ ಮೊದಲ ತಿಂಗಳು ತರಕಾರಿ ಇಲ್ಲ, ಎರಡನೇ ತಿಂಗಳು ಮೊಸರು ಇಲ್ಲ, ಮೂರನೆಯದರಲ್ಲಿ ಹಾಲು ಇಲ್ಲ, ನಾಲ್ಕನೆಯದರಲ್ಲಿ ಬೇಳೆಕಾಳು ಇಲ್ಲ. ನಮ್ಮ ಅಮ್ಮ ನಲವತ್ತು ವರ್ಷ ಮಾಡಿದ್ದಾರೆ. ಆದರೆ ನೋಡಿ, ಒಂದು ಬಿಡುವಾಗ ಇನ್ನೊಂದು ಎಲೆಗೆ ವಾಪಸ್ ಬಂದಿರುತ್ತದೆ. ಏಕಾದಶಿಗೆ ಉಪವಾಸ ಇದ್ದರೆ ದ್ವಾದಶಿ ಬೆಳಿಗ್ಗೆ ಬೇಗ ಪಾರಣೆ, ಅಗಸೆ ಸೊಪ್ಪು, ನೆಲ್ಲಿಕಾಯಿ ಹಾಕಿ ಊಟ. ವ್ರತ ಹಿಡಿಯುವಾಗಲೇ ಬಿಡುವ ದಿನವೂ ಗೊತ್ತಿರುತ್ತದೆ. ನೀವು ಹಿಡಿದದ್ದಕ್ಕೆ ಬಿಡುವ ದಿನವೇ ಇಲ್ಲ, ನನಗೆ ಅದೇ ಚಿಂತೆ.

ಬಲ್ಮಠ ಹಸಿರು

ಗಾಂಧೀಜಿ ಕೂಡ ಹಸಿ ಆಹಾರವನ್ನೇ ಹೇಳಿದ್ದು, ಮರೆಯಬೇಡಿ.

ಓದುವ ಹುಳ

ಹೇಳಿದ್ದು ಹೌದು, ಪ್ರಯೋಗ ಮಾಡಿದ್ದೂ ಹೌದು. 1929ರಲ್ಲಿ ಮೊಳಕೆ ಗೋಧಿ, ಕಡಲೆ, ಹಸಿ ಸೊಪ್ಪು, ತೆಂಗು ಅಂತ ಶುರು ಮಾಡಿದರು, ಆಶ್ರಮದವರೂ ಸೇರಿಕೊಂಡರು. ಕೆಲವೇ ತಿಂಗಳಲ್ಲಿ ಭೇದಿ ಹಿಡಿದು ನಿಲ್ಲಿಸಬೇಕಾಯಿತು. ಅದನ್ನು ಅವರು ಮುಚ್ಚಿಡಲಿಲ್ಲ, ತಮ್ಮ ಪತ್ರಿಕೆಯಲ್ಲೇ ಬರೆದರು. ಮತ್ತೆ ಆಡಿನ ಹಾಲಿಗೆ ಬಂದರು. ಅವರಂಥ ಹಠದ ಮನುಷ್ಯನೇ ಮೈಯ ಮಾತು ಕೇಳಿದರು ಅಂದರೆ ನಾವೂ ಕೇಳಬಹುದಲ್ವಾ?

ಹಲ್ಲಿನ ಡಾಕ್ಟ್ರಮ್ಮ

ಹಲ್ಲಿನ ಬಗ್ಗೆ ಎರಡು ಮಾತು. ಇಡೀ ದಿನ ಹಣ್ಣು ತಿನ್ನುವವರ ಹಲ್ಲಿನ ಮೇಲ್ಪದರ ಆಮ್ಲಕ್ಕೆ ಸವೆಯುತ್ತದೆ. ಲಿಂಬೆ, ಕಿತ್ತಳೆ, ಅನಾನಸು ತಿಂದ ಕೂಡಲೇ ಬ್ರಷ್ ಮಾಡಬೇಡಿ, ಬಾಯಿ ಮುಕ್ಕಳಿಸಿ ಅರ್ಧ ಗಂಟೆ ಬಿಡಿ. ತಣ್ಣೀರು ಕುಡಿದರೆ ಜುಮ್ಮೆನ್ನುತ್ತಿದ್ದರೆ ಬಂದು ತೋರಿಸಿ.

ಸುರತ್ಕಲ್ ಸಾವಿತ್ರಿ

ನಾನು ಎರಡು ವರ್ಷ ಮಾಡಿ ಬಿಟ್ಟವಳು, ಅದಕ್ಕೇ ಬರೆಯುತ್ತೇನೆ. ಬಿಡುವಾಗ ಸೋತ ಹಾಗೆ ಅನ್ನಿಸಿತ್ತು, ಒಂದು ವಾರ ಯಾರಿಗೂ ಹೇಳಲಿಲ್ಲ. ಈಗ ಮಧ್ಯಾಹ್ನದ ಅರ್ಧ ತಟ್ಟೆ ಹಸಿ. ಹೆಸರುಬೇಳೆ ಕೋಸಂಬರಿ, ಒಂದೆಲಗದ ತಂಬುಳಿ, ಮಾವಿನಕಾಯಿ ಇದ್ದರೆ ಅದರ ಗೊಜ್ಜು. ಉಳಿದ ಅರ್ಧ ಕುಚ್ಚಿಲಕ್ಕಿ ಅನ್ನ, ಪಲ್ಯ, ಮೊಸರು. ಮೂರು ವರ್ಷ ಆಯಿತು, ತೂಕ ವಾಪಸ್ ಬಂದದ್ದು ಎರಡೇ ಕೆಜಿ. ಟೊಮೆಟೊ ಬೇಯಿಸಿದರೆ ಅದರ ಕೆಂಪಿನ ಲೈಕೋಪೀನ್ ಮೈಗೆ ಜಾಸ್ತಿ ಹಿಡಿಯುತ್ತದೆ, ಕ್ಯಾರೆಟ್ಟೂ ಹಾಗೇ. ನೆಲ್ಲಿಕಾಯಿಯಂಥದ್ದು ಹಸಿಯೇ ಒಳ್ಳೆಯದು, ವಿಟಮಿನ್ ಸಿ ಬಿಸಿಗೆ ಹಾಳಾಗುತ್ತದೆ. ಎರಡೂ ಬೇಕು.

ಅಕ್ಕ, ನೀವು ಬರೆದ ಆ ಗಂಜಿಯ ಪರಿಮಳದ ಸಾಲು ಓದಿ ನನಗೆ ಕಣ್ಣು ತುಂಬಿತು. ಅತ್ತೆಯ ಜೊತೆ ಕೂತು ಒಂದು ಲೋಟ ಗಂಜಿ ಕುಡಿಯಿರಿ. ನಿಮ್ಮ ಶುಗರ್ ಇಳಿದದ್ದು ಸುಳ್ಳಾಗುವುದಿಲ್ಲ.

ಕಾಪು ಕಡಲು

ಶುಗರ್ ಇರುವವರು ಒಂದೇ ಸಲ ಅನ್ನಕ್ಕೆ ಹಾರಬೇಡಿ ಕೂಡ. ಸ್ವಲ್ಪ ಸ್ವಲ್ಪ. ಚೆಕ್ ಮಾಡುತ್ತಾ ಇರಿ.

ಹಳೆ ಬಂದರು

ಆಟಿ ಅಮಾವಾಸ್ಯೆಗೆ ಪಾಲೆ ಮರದ ಕೆತ್ತೆಯ (ತೊಗಟೆಯ) ಕಷಾಯ ಕುಡಿಯುತ್ತೇವಲ್ಲ, ಅದು ಹಸಿ ಅಲ್ವಾ?

ರಥಬೀದಿ

ಕೆತ್ತೆ ಹಸಿಯಾಗಿ ಜಜ್ಜಿ ರಸ ತೆಗೆಯುವುದು, ಮತ್ತೆ ಕಾಳುಮೆಣಸು, ಬೆಳ್ಳುಳ್ಳಿ, ಓಮ ಹಾಕಿ ಕಾಯಿಸಿದ ಬಿಳಿ ಕಲ್ಲು ಅದರಲ್ಲಿ ಮುಳುಗಿಸುತ್ತಾರೆ. ವರ್ಷಕ್ಕೆ ಒಂದೇ ದಿನ, ಅದೂ ಸ್ವಲ್ಪ. ಆಮೇಲೆ ಮೆಂತೆ ಗಂಜಿ. ಮರ ಗುರುತಿಸಲಿಕ್ಕೆ ಗೊತ್ತಿರುವ ಹಿರಿಯರೇ ತರಬೇಕು. ಕತ್ತಲಲ್ಲಿ ಹೋಗಿ ಬೇರೆ ಮರದ ಕೆತ್ತೆ ತಂದು ಕುಡಿದರೆ ಪ್ರಾಣಕ್ಕೇ ಅಪಾಯ.

ಅಂಬಲಪಾಡಿಯವಳು

ಒಂಬತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ. ಎಲ್ಲರದ್ದೂ ಓದಿದೆ, ಕೆಲವನ್ನು ಎರಡು ಸಲ.

ಬಿ12 ಬಂದದ್ದು 118. ಆ ಲ್ಯಾಬಿನಲ್ಲಿ 200ಕ್ಕಿಂತ ಮೇಲೆ ಇರಬೇಕು. ಡಾಕ್ಟ್ರು ಕಣ್ಣು ಮುಚ್ಚಿ ನಿಲ್ಲಲು ಹೇಳಿದರು, ನಾನು ಸ್ವಲ್ಪ ವಾಲಿದೆ, ಅದು ನನಗೇ ತಿಳಿಯಲಿಲ್ಲ. ಜೊತೆಗೆ ಬಂದಿದ್ದ ಗಂಡ ಹಿಡಿದುಕೊಂಡರು. ದಿನ ಬಿಟ್ಟು ದಿನ ಇಂಜೆಕ್ಷನ್ ಶುರುವಾಗಿದೆ, ಆಮೇಲೆ ವಾರಕ್ಕೊಂದು, ಮತ್ತೆ ಮಾತ್ರೆ. ಕಾಲು ಸರಿಯಾಗಲು ತಿಂಗಳುಗಳು ಬೇಕು ಅಂದರು. ಮುಟ್ಟಿನ ಬಗ್ಗೆ ಹೆಂಗಸರ ಡಾಕ್ಟ್ರು ಮೊದಲು ತೂಕ ನಾಲ್ಕು ಕೆಜಿ ಏರಲಿ, ಆಮೇಲೆ ನೋಡುವ ಅಂದಿದ್ದಾರೆ.

ಆ ದಿನ ಸಂಜೆ ಮನೆಗೆ ಬಂದು ಅತ್ತೆಯ ಹತ್ತಿರ ಗಂಜಿ ಉಂಟಾ ಅಂತ ಕೇಳಿದೆ. ಅವರು ಒಂದು ಮಾತೂ ಆಡಲಿಲ್ಲ. ಹಿತ್ತಾಳೆ ಬಟ್ಟಲಿಗೆ ಬಡಿಸಿ, ಮೇಲೆ ಅರ್ಧ ಚಮಚ ತುಪ್ಪ ಬಿಟ್ಟು, ಪಕ್ಕದಲ್ಲಿ ಮಾವಿನ ಮಿಡಿ ಇಟ್ಟು, ಎದುರಿಗೆ ಕೂತರು. ಅನ್ನದ ಅಗುಳು ನಾಲಿಗೆಗೆ ದಪ್ಪ ದಪ್ಪ ಸಿಕ್ಕಿತು, ಬಿಸಿ ಗಂಟಲಿನಿಂದ ಎದೆಯವರೆಗೂ ಇಳಿದದ್ದು ಗೊತ್ತಾಯಿತು. ಅರ್ಧ ಬಟ್ಟಲಿಗೇ ಸಾಕಾಯಿತು. ಆ ರಾತ್ರಿ ಕಾಲು ಬೆಚ್ಚಗಿತ್ತು, ಚೆನ್ನಾಗಿ ನಿದ್ದೆ ಬಂತು.

ಬೆಳಗ್ಗಿನ ಹಣ್ಣು, ಮಧ್ಯಾಹ್ನದ ಕೋಸಂಬರಿ ಬಿಡುವುದಿಲ್ಲ. ಮೊಳಕೆಯನ್ನು ಈಗ ಹಬೆಯಲ್ಲಿ ಐದು ನಿಮಿಷ ಇಡುತ್ತೇನೆ. ಮೊಸರು ಶುರು ಮಾಡಿದೆ. ಶುಗರ್ ಮೂರು ತಿಂಗಳಿಗೆ ಮತ್ತೆ ನೋಡಬೇಕು.

ಸುರತ್ಕಲ್ ಸಾವಿತ್ರಿ

ಒಳ್ಳೆಯದಾಯಿತು ಅಕ್ಕ. ತುಂಬಾ ಸಮಾಧಾನ ಆಯಿತು.

ಬಲ್ಮಠ ಹಸಿರು

ಕಾಲಿನ ವಿಷಯದಲ್ಲಿ ನಾನು ಹೇಳಿದ್ದು ತಪ್ಪಾಯಿತು ಅಕ್ಕ, ದಯವಿಟ್ಟು ಕ್ಷಮಿಸಿ. ನೀವು ನನ್ನ ಮಾತು ಕೇಳಿ ಬರಿಗಾಲಲ್ಲಿ ನಡೆಯುತ್ತಾ ಕೂತಿದ್ದರೆ ಅಂತ ಯೋಚಿಸಿದರೆ ಬೇಸರ ಆಗುತ್ತದೆ. ನಾನು ಹಸಿ ಆಹಾರ ಬಿಡುವುದಿಲ್ಲ, ನನಗೆ ಹಿಡಿಸಿದೆ. ಆದರೆ ಟೆಸ್ಟ್ ಮಾಡಿಸುತ್ತೇನೆ. ಬಿ12ಕ್ಕೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕಾ?

ಲ್ಯಾಬ್ ಕಿಟಕಿ

ಕೆಲವು ಕಡೆ ಕೇಳುತ್ತಾರೆ, ಬೆಳಿಗ್ಗೆ ತಿನ್ನುವ ಮೊದಲೇ ಹೋಗಿಬಿಡಿ. ವಿಟಮಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ರಕ್ತ ಕೊಡುವ ಮೊದಲೇ ಹೇಳಿ, ಇಲ್ಲವಾದರೆ ರಿಪೋರ್ಟಿನಲ್ಲಿ ಜಾಸ್ತಿ ತೋರಿಸುತ್ತದೆ. ಮಜ್ಜಿಗೆ ಮಾತ್ರ ಬಿಡಬೇಡಿ ಅಣ್ಣ.

ಹೆಬ್ರಿ ತೋಟ

ಅಂಬಲಪಾಡಿ ಅಕ್ಕ, ಮಳೆ ಬಿಡಲಿ, ಒಂದೆಲಗದ ಬಳ್ಳಿ ಬೇರು ಸಮೇತ ಕಳಿಸುತ್ತೇನೆ. ಬಾವಿಕಟ್ಟೆ ಹತ್ತಿರ ಊರಿ, ಅಲ್ಲಿಗೆ ತೋಡಿನ ನೀರು ಬಾರದ ಹಾಗೆ ನೋಡಿಕೊಳ್ಳಿ.